ಕಲ್ಲುಗಳ ಸುತ್ತಿನೊಳಗೆ ಎಳ್ಳ ಅಮಾವಾಸ್ಯೆಯ ಊಟ

"ಇದು ಸಾವಿರಾರು ವರ್ಷದ ಹಿಂದಿನವ್ರ ಸಮಾಧಿ ಇರಬಹುದ್ರಿ" ಎಂದೆ. ಮಾವನವರ ಕೈಯಲ್ಲಿದ್ದ ರೊಟ್ಟಿ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

ಎಳ್ಳ ಅಮಾವಾಸ್ಯೆಯ ದಿನ ಕುಬಿಹಾಳದ ನಮ್ಮ ಹೊಲದಲ್ಲಿ ಬೆಳೆಯ ಮೇಲೆ ಚರಗದ ಅನ್ನ ಚೆಲ್ಲಿ, ಭೂಮಿತಾಯಿಗೆ ಎಡೆ ಕೊಟ್ಟು, ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದೆವು. ಹೊಲದ ಅಂಚಿನಲ್ಲಿ ಗುಂಡಗೆ ನೆಟ್ಟ ಹಳೆಯ ಕಲ್ಲುಗಳಿವೆ. ಬೆನ್ನಿಗೆ ಆಸರೆಯಾಗುತ್ತದೆಂದು ಈ ಮನೆಯವರು ಮೊದಲಿನಿಂದಲೂ ಆ ಸುತ್ತಿನೊಳಗೇ ಕೂತು ಉಣ್ಣುತ್ತಾರೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಸೊಸೆ ನಾನು, ಬಾಯಿ ಸುಮ್ಮನಿರಲಿಲ್ಲ. ಕೆಲವರು ಸಮಾಧಿ ಎನ್ನುತ್ತಾರೆ, ಕೆಲವರು ಸೂರ್ಯ ಸಾಗುವ ದಾರಿ ಗುರುತಿಸಲು ನೆಟ್ಟದ್ದು ಎನ್ನುತ್ತಾರೆ ಎಂದು ಪಾಠವನ್ನೇ ಶುರು ಮಾಡಿದೆ. ಮೈದುನ ಮೆಲ್ಲಗೆ ತಟ್ಟೆ ಎತ್ತಿಕೊಂಡು ಕಲ್ಲಿನಾಚೆ ಸರಿದ. ಹಬ್ಬದೂಟ ಕೆಡಿಸಿದೆನಲ್ಲ ಎಂದು ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ.

ಅತ್ತೆ ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

"ಇದನ್ನ ಮೊದ್ಲ ಹೇಳಬಾರ್ದೇನವಾ? ವರ್ಷಾ ವರ್ಷಾ ಅವರ ಮನಿಯಾಗ ಕುಂತು ಉಂಡೇವಿ, ಅವರಿಗೆ ಒಂದ್ ಮಾತು ಬರ್ರಿ ಅಂದಿಲ್ಲ."

ಬುಟ್ಟಿಯಿಂದ ಸಜ್ಜೆ ರೊಟ್ಟಿ ತೆಗೆದು, ಮೇಲೊಂದು ಎಣ್ಣೆಗಾಯಿ ಬದನೆ ಇಟ್ಟು, ಸುತ್ತಿನ ನಟ್ಟನಡುವೆ ಇರಿಸಿದರು. ಆಮೇಲೆ ಮೈದುನನ ಕಡೆ ತಿರುಗಿ, "ಬಾ ಒಳಗ. ಮನಿಯವ್ರು ಊಟಕ್ಕ ಕುಂತಾಗ ಬಂದ ಬೀಗರು ಎದ್ದು ಹೋಗಬಾರ್ದು" ಎಂದರು. ಮಾವನವರ ರೊಟ್ಟಿ ಬಾಯಿ ಸೇರಿತು.

ಆ ಕಲ್ಲುಗಳನ್ನು ಯಾಕೆ ನೆಟ್ಟರೋ ನನಗೆ ಇಂದಿಗೂ ಖಾತ್ರಿಯಿಲ್ಲ. ಆದರೆ ಈಗ ಹೊಲಕ್ಕೆ ಬುಟ್ಟಿ ಕಟ್ಟುವಾಗಲೆಲ್ಲ ಅತ್ತೆ ರೊಟ್ಟಿ ಕೈಯಲ್ಲಿ ಹಿಡಿದು ನನ್ನನ್ನು ಕೇಳುತ್ತಾರೆ: "ಅವರು ಎಷ್ಟು ಮಂದಿ ಅದಾರಂತ ನಿಮ್ಮ ಪುಸ್ತಕದಾಗ ಬರದೈತೇನವಾ?"