ಸರ್ಕಾರಕ್ಕೆ ಪರದೆ ಹೊಲಿಯಲು ಹೊರಟಿದ್ದು

ನಮ್ಮದು ಜಯನಗರದಲ್ಲಿ ಕರ್ಟನ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಹೊಲಿಗೆ ಕೋಣೆ. ಒಂದು ಕಾಲದಲ್ಲಿ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿದವರೆಲ್ಲ ಪುರೋಹಿತರ ಮನೆಯಿಂದ ನೇರ ನಮ್ಮಲ್ಲಿಗೆ ಬರುತ್ತಿದ್ದರು. ಈಗ ಜನ ಬಂದು ಬಟ್ಟೆ ಮುಟ್ಟಿ ನೋಡಿ, ಫೋಟೊ ತೆಗೆದುಕೊಂಡು, ನಮ್ಮ ಮೆಟ್ಟಿಲ ಮೇಲೆಯೇ ನಿಂತು ಫೋನಿನಲ್ಲಿ ಬೇರೆ ಕಡೆ ಆರ್ಡರ್ ಮಾಡುತ್ತಾರೆ. ಮೇಲಿನ ಕೋಣೆಯ ಮಿಷನ್‌ಗಳು ಮಧ್ಯಾಹ್ನಕ್ಕೇ ಸುಮ್ಮನಾಗತೊಡಗಿದವು. ವ್ಯವಹಾರದಲ್ಲಿ ನನಗಿಂತ ಗಟ್ಟಿಯಾದ ನನ್ನ ಹೆಂಡತಿ ಒಂದು ದಿನ ಹೇಳಿಯೇಬಿಟ್ಟಳು: “ದೀಪಾವಳಿವರೆಗೂ ನೋಡೋಣ ರೀ. ಕೆಲಸ ಬರ್ಲಿಲ್ಲ ಅಂದ್ರೆ ಮೇಲಿನ ರೂಮು ಬಾಡಿಗೆಗೆ ಕೊಟ್ಬಿಡೋಣ.”

ರೂಮು ಬಾಡಿಗೆಗೆ ಕೊಡುವುದೆಂದರೆ ಅಲ್ಲಿ ಹೊಲಿಯುವ ಅಕ್ಕನನ್ನು ಮನೆಗೆ ಕಳಿಸುವುದು. ಅಕ್ಕ ಅಂಗಡಿ ತೆರೆದಾಗಿನಿಂದ ನಮ್ಮ ಜೊತೆಗಿದ್ದಾರೆ, ಅಂಜನಾಪುರದಿಂದ ಬಸ್ಸಿನಲ್ಲಿ ಬರುತ್ತಾರೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ನನ್ನನ್ನು ಅಣ್ಣ ಎನ್ನುತ್ತಾರೆ. ಅವರ ಮನೆ ನಡೆಯುವುದು ಅವರ ದುಡಿಮೆಯಿಂದಲೇ. ಅವರಿಗೆ “ನಾಳೆಯಿಂದ ಬರಬೇಡಿ” ಎನ್ನುವ ಶಕ್ತಿ ನನಗಿರಲಿಲ್ಲ. ಶಕ್ತಿ ಇಲ್ಲದವನು ಯೋಜನೆ ಹಾಕುತ್ತಾನೆ. “ಸರ್ಕಾರದ ಟೆಂಡರ್ ಹಿಡೀತೀನಿ ನೋಡ್ತಿರು” ಎಂದೆ. ಹೆಂಡತಿ ನನ್ನನ್ನು ನೋಡಲಿಲ್ಲ, ಬಟ್ಟೆಯ ಥಾನು ನೋಡುತ್ತಿದ್ದಳು.

ಮರುದಿನವೇ ತಿರುಗುವ ಕುರ್ಚಿ ಬಂತು. ಟೆಂಡರ್ ಹಾಕುವವರಿಗೆ ಬೇಕಾದ ಡಿಜಿಟಲ್ ಸಹಿಯ ಪೆನ್‌ಡ್ರೈವೂ ಬಂತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲ್ಯಾಪ್‌ಟಾಪಿಗೂ ಒಂದು ಹೂವಿಟ್ಟು ಸರ್ಕಾರದ ಟೆಂಡರ್ ಪೋರ್ಟಲ್ ತೆರೆಯುತ್ತಿದ್ದೆ. ಕರ್ಟನ್ ಎಂದು ಹುಡುಕಿದರೆ ಯಾವುದೋ ಆಣೆಕಟ್ಟಿನ ದುರಸ್ತಿ ಬರುತ್ತಿತ್ತು. ಬಟ್ಟೆ ಎಂದು ಹುಡುಕಿದರೆ ಪೊಲೀಸ್ ನಾಯಿಗಳ ಹಾಸಿಗೆ ಬರುತ್ತಿತ್ತು. ಬಿಡದೆ ಓದುತ್ತಾ ಹೋದೆ. ಕೆಲವೇ ವಾರಗಳಲ್ಲಿ ಯಾವ ಊರಿನ ಸ್ಮಶಾನಕ್ಕೆ ಚಾವಣಿ ಬೇಕು, ಯಾವ ಹಾಸ್ಟೆಲಿಗೆ ಇಡ್ಲಿ ಪಾತ್ರೆ ಬೇಕು, ಎಲ್ಲಿಯ ಕೆರೆಯ ಹೂಳು ಎತ್ತಬೇಕು ಎಂಬುದೆಲ್ಲ ನನಗೆ ಬಾಯಿಪಾಠವಾಯಿತು. ಬನಶಂಕರಿಯಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಕೂತು ಪಕ್ಕದವರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ರಾಜ್ಯದ ಕಷ್ಟ ಕೇಳಿ ಮನಸ್ಸು ಕಲಕಿತೇನೋ ಎಂದುಕೊಂಡೆ.

ಪೋರ್ಟಲ್‌ನಲ್ಲಿ ಇನ್ನೊಂದು ಪುಟವಿದೆ. ಯಾವ ಟೆಂಡರ್ ಯಾರಿಗೆ, ಎಷ್ಟಕ್ಕೆ ಹೋಯಿತು ಎಂದು ಅದರಲ್ಲಿ ಹಾಕುತ್ತಾರೆ. ಅದು ಸಿಕ್ಕ ಮೇಲೆ ನಾನು ಪೂರ್ತಿ ಕೆಟ್ಟೆ. ಕಡಲೆಪುರಿ ತಿನ್ನುತ್ತಾ ಗೆದ್ದವರ ಹೆಸರು ಓದುವುದು, “ಈ ರೇಟಿಗೆ ದಾರನೂ ಬರಲ್ಲ, ಎಲ್ಲಾ ಗೋಲ್‌ಮಾಲು” ಎಂದು ಬೈಯುವುದು. ನಾನೊಂದೂ ಟೆಂಡರ್ ಹಾಕಿರಲಿಲ್ಲ, ಆದರೆ ಎಲ್ಲದರಲ್ಲೂ ಮೋಸ ಹೋದವನ ಹಾಗೆ ಉರಿಯುತ್ತಿದ್ದೆ.

ಕೊನೆಗೊಂದು ದಿನ ಸಿಕ್ಕಿತು. ನಮ್ಮ ದಕ್ಷಿಣ ಬೆಂಗಳೂರಿನದೇ ಒಂದು ಸರ್ಕಾರಿ ಆಸ್ಪತ್ರೆ, ವಾರ್ಡುಗಳ ಹಾಸಿಗೆಗಳ ನಡುವೆ ಹಾಕುವ ಪರದೆಗಳು. ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದೆ. ಆಮೇಲೆ ಷರತ್ತು ಓದಿದೆ. ಹಿಂದೆ ಸರ್ಕಾರಕ್ಕೆ ಇಂಥದ್ದೇ ಕೆಲಸ ಮಾಡಿದ ಅನುಭವ ಇರಬೇಕಂತೆ. ಕೆಲಸ ಕೊಡದೆ ಅನುಭವ ಎಲ್ಲಿಂದ ತರಲಿ? ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಆದರೂ ಹಾಕಿದೆ. ಮೊದಲ ಸುತ್ತಿನಲ್ಲೇ ತಿರಸ್ಕಾರವಾಯಿತು. ನಾನು ಬರೆದ ರೇಟನ್ನು ಯಾರೂ ತೆರೆದೂ ನೋಡಲಿಲ್ಲ. ನನಗೆ ಅನುಭವ ಇಲ್ಲವಂತೆ ಎಂದು ಬೆಳಿಗ್ಗೆ ಬೆಳಿಗ್ಗೆಯೇ ಅಂಗಡಿಗೆ ಬಂದವರೆದುರೆಲ್ಲ ಬೊಬ್ಬೆ ಹೊಡೆದೆ.

ಗೆದ್ದವರ ವಿಳಾಸ ಕೋಣನಕುಂಟೆಯದು. ದೀಪಾವಳಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಮೇಲಿನಿಂದ ಮಿಷನ್ ಸದ್ದು ಕೇಳಿಸದ ಒಂದು ಮಧ್ಯಾಹ್ನ ತಲೆ ಕೆಟ್ಟು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಭಾಷಣ ಸಿದ್ಧಪಡಿಸಿಕೊಂಡೆ. ಆರ್‌ಟಿಐ ಹಾಕುತ್ತೇನೆ, ಲೋಕಾಯುಕ್ತಕ್ಕೆ ಹೋಗುತ್ತೇನೆ, ನಾನು ಯಾರು ಗೊತ್ತಾ. ಈ ಕೊನೆಯ ಪ್ರಶ್ನೆಗೆ ನನ್ನಲ್ಲೂ ಉತ್ತರವಿರಲಿಲ್ಲ.

ಅಲ್ಲಿ ಕಾರ್ಖಾನೆಯೂ ಇಲ್ಲ, ಹೊಲಿಗೆ ಮಿಷನ್ನೂ ಇಲ್ಲ. ಬೇಕರಿಯ ಮೇಲೊಂದು ರೂಮು, ಎರಡು ಕಂಪ್ಯೂಟರು, ಮೂವತ್ತೈದರ ಆಸುಪಾಸಿನ ಒಬ್ಬ ಯಜಮಾನ.

“ಬನ್ನಿ ಅಂಕಲ್, ಕೂತ್ಕೊಳಿ” ಎಂದ. ಅಂಕಲ್ ಎಂದಾಗಲೇ ಭಾಷಣದ ಮೊದಲ ಸಾಲು ಹಾರಿಹೋಯಿತು. ಎರಡನೆಯ ಸಾಲು ಹುಡುಕುತ್ತಿರುವಾಗ ಮೇಜಿನ ಮೇಲೆ ಪರದೆಯ ಸ್ಯಾಂಪಲ್ ಕಾಣಿಸಿತು. ಬಟ್ಟೆ ವ್ಯಾಪಾರಿಯ ಕೈ ಸುಮ್ಮನಿರುವುದಿಲ್ಲ, ಅದನ್ನು ಎಳೆದು ತಿರುಗಿಸಿ ನೋಡಿದೆ.

“ಯಾರ್ರೀ ಹೊಲಿದಿದ್ದು ಇದನ್ನ? ಆಸ್ಪತ್ರೆಯಲ್ಲಿ ಬಿಸಿನೀರಲ್ಲಿ ಒಗೀತಾರೆ. ಬಟ್ಟೆ ನೆನೆಸದೆ ಹೊಲಿದಿದ್ದೀರಲ್ಲ, ಎರಡು ಸಲ ಒಗೆಯೋದ್ರೊಳಗೆ ರೋಗಿ ಕಾಲು ಕಾಣುತ್ತೆ! ಕೆಳಗೆ ಮಡಿಕೆನೂ ಬಿಟ್ಟಿಲ್ಲ!”

ಬೈಯಲೆಂದು ಕೂಡಿಟ್ಟಿದ್ದ ಸಿಟ್ಟೆಲ್ಲ ಆ ಮಡಿಕೆಯ ಮೇಲೆಯೇ ಖರ್ಚಾಯಿತು. ಯಜಮಾನ ಮಾತ್ರ ಎದ್ದು ನಿಂತು ಗಮನ ಕೊಟ್ಟು ಕೇಳಿದ.

“ಅಂಕಲ್, ಬೇಜಾರ್ ಮಾಡ್ಕೋಬೇಡಿ. ನಾವು ಟೆಂಡರ್ ಮಾತ್ರ ಹಾಕೋದು. ಹೊಲಿಯೋರು ಕೈ ಕೊಟ್ಬಿಟ್ರು. ನಿಮ್ಮ ಹತ್ರ ಟೈಲರ್‌ಗಳಿದ್ರೆ ನೀವೇ ಹೊಲಿದು ಕೊಡ್ತೀರಾ?”

ಹೀಗೆ ಇನ್ನೊಬ್ಬರ ಕೈಗೆ ಕೆಲಸ ದಾಟಿಸಬಾರದು ಎಂಬ ಷರತ್ತು ಅದೇ ಟೆಂಡರಿನಲ್ಲಿತ್ತು. ಅದನ್ನು ಗಮನವಿಟ್ಟು ಓದಿದವನು ಆ ರೂಮಿನಲ್ಲಿ ಬಹುಶಃ ನಾನೊಬ್ಬನೇ. ಲೋಕಾಯುಕ್ತಕ್ಕೆ ಹೋಗಲು ಹೊರಟಿದ್ದ ಮಹಾನುಭಾವನಾದ ನಾನು ಅವನು ಕೊಟ್ಟ ಟೀ ಕುಡಿದು, “ಬಟ್ಟೆ ಯಾವತ್ತು ಕಳಿಸ್ತೀರ?” ಎಂದು ಕೇಳಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. “ಅಂತೂ ಜಗಳಕ್ಕೆ ಹೋಗಿ ಕೂಲಿ ತಂದ್ರಿ” ಎಂದಳು. ಆದರೆ ರೂಮು ಬಾಡಿಗೆಗೆ ಕೊಡುವ ಮಾತನ್ನು ಮತ್ತೆ ಎತ್ತಲಿಲ್ಲ. ಈ ಪರದೆ ಸರಿಹೋದರೆ ಬೇರೆ ಕೆಲಸವೂ ಕೊಡುವುದಾಗಿ ಕೋಣನಕುಂಟೆಯವನು ಹೇಳಿದ್ದ.

ಬಟ್ಟೆ ಬಂತು. ಮಹಡಿಯ ಮೇಲೆ ನೆನೆಸಿ ಒಣಗಿಸಿದೆವು. ಅಕ್ಕ ಮೊದಲ ಪರದೆಗೆ ಕೈ ಹಾಕುವಾಗ ನಾನು ಮೇಲೆ ಹೋಗಿ, ರಾಜ್ಯವನ್ನೇ ಗೆದ್ದು ತಂದವನ ಗತ್ತಿನಲ್ಲಿ, “ಅಕ್ಕ, ಹಬ್ಬ ಆದ್ಮೇಲೂ ಬನ್ನಿ. ಕೆಲಸ ಇದೆ” ಎಂದೆ.

ಅವರು ಮಿಷನ್ ನಿಲ್ಲಿಸಿದರು.

“ನೀವು ಕಂಪ್ಯೂಟರಲ್ಲಿ ಹುಡುಕ್ತಿದ್ರಲ್ಲ ಅಣ್ಣ, ಆವಾಗ ನಾನೂ ಬೇರೆ ಕಡೆ ಕೆಲಸ ಹುಡುಕ್ತಿದ್ದೆ. ನಿಮಗೆ ಹೇಳ್ಲಿಲ್ಲ. ಸಂಜೆ ಬಸ್ಸಿಳಿದು ಗಾರ್ಮೆಂಟ್ಸ್‌ಗಳಲ್ಲಿ ಕೇಳ್ಕೊಂಡು ಹೋಗ್ತಿದ್ದೆ. ಎಷ್ಟು ವರ್ಷ ಹೊಲಿದಿದ್ದೀರ ಅಂತ ಕೇಳೋರು. ಹೇಳಿದ್ರೆ, ಅಯ್ಯೋ ಹಾಗಾದ್ರೆ ವಯಸ್ಸಾಯ್ತಲ್ಲಮ್ಮ ಅಂತ ಕಳಿಸೋರು. ಆಮೇಲಾಮೇಲೆ ವರ್ಷ ಕಮ್ಮಿ ಮಾಡಿ ಹೇಳಕ್ಕೆ ಶುರು ಮಾಡ್ದೆ.”

ಅನುಭವವಿಲ್ಲವೆಂದು ನನ್ನನ್ನು ತಿರಸ್ಕರಿಸಿದ್ದಕ್ಕೆ ನಾನು ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆದಿದ್ದೆ. ಅವರು ಇದ್ದ ಅನುಭವವನ್ನೇ ಮುಚ್ಚಿಟ್ಟುಕೊಂಡು ಬಾಗಿಲು ಬಾಗಿಲು ತಿರುಗಿ, ಬೆಳಿಗ್ಗೆ ಬಂದು ನನ್ನ ಬೊಬ್ಬೆಯನ್ನೂ ಕೇಳಿಸಿಕೊಂಡಿದ್ದರು. ನನಗೆ ತುಂಬಾ ನಾಚಿಕೆಯಾಯಿತು, ಅಳುವೂ ಬಂತು. ಅಷ್ಟರಲ್ಲಿ ಅವರು ಮತ್ತೆ ಮಿಷನ್ ತುಳಿಯತೊಡಗಿದ್ದರು, ನಾನು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡು ನಿಂತೆ.