ಕಂದು ವೈನಿಗೆ ಬೆಳಕು ಹಿಡಿಯುವ ಗುರುದೇವಿ

ಷಿಕಾಗೋ ಬಳಿಯ ವೆಸ್ಟ್‌ಮಂಟ್‌ನ ಗೋದಾಮೊಂದರ ಶಟರ್ ಇನ್ನೂ ಅರ್ಧವೇ ಎದ್ದಿದೆ. 2007ರ ನವೆಂಬರ್ ತಿಂಗಳು, ಹೊರಗೆ ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಒಳಗೆ ಚೂಡಿದಾರದ ಮೇಲೆ ಗಂಡನ ಹಳೆಯ ಜಾಕೆಟ್ ತೊಟ್ಟು, ಕಿವಿ ಮುಚ್ಚುವಂತೆ ಟೋಪಿ ಎಳೆದುಕೊಂಡ ಗುರುದೇವಿ ಬಾಟಲಿಯೊಂದನ್ನು ಬಲ್ಬಿನ ಮುಂದೆ ಹಿಡಿದು ಮೆಲ್ಲಗೆ ವಾಲಿಸುತ್ತಾರೆ. ಬಿರಡೆ ಒಸರಿದೆಯೇ, ಗಾಜು ಸೀಳಿದೆಯೇ ಎಂದು ನೋಡುತ್ತಾರೆ. ಸರಿಯಿದ್ದರೆ ಅಮೆರಿಕ ಸರಕಾರದ ಎಚ್ಚರಿಕೆಯ ಚೀಟಿಯನ್ನು ಬಾಟಲಿಯ ಬೆನ್ನಿಗೆ ಅಂಟಿಸಿ ಮುಂದಿನದಕ್ಕೆ ಕೈ ಹಾಕುತ್ತಾರೆ.

ಬಾಟಲಿಯೊಳಗಿರುವುದು ಜಾರ್ಜಿಯಾದ ವೈನ್. ಅಮೆರಿಕದ ಜಾರ್ಜಿಯಾ ರಾಜ್ಯದ್ದಲ್ಲ, ಕಾಕಸಸ್ ಬೆಟ್ಟಗಳ ಸೆರಗಿನಲ್ಲಿರುವ ಪುಟ್ಟ ದೇಶದ್ದು. ಷಿಕಾಗೋ ಸುತ್ತಿನ ಹೋಟೆಲುಗಳಲ್ಲಿ ಈ ವೈನ್ ಸುರಿದುಕೊಳ್ಳುವವರಿಗೆ, ಅದು ವಿಜಯಪುರದ ಹೆಣ್ಣುಮಗಳೊಬ್ಬಳ ಕೈ ದಾಟಿ ಬಂದಿದೆಯೆಂದು ಗೊತ್ತಿರುವ ಸಂಭವವಿಲ್ಲ. ಆಕೆ ಅದರ ಒಂದು ಹನಿಯನ್ನೂ ನಾಲಿಗೆಗೆ ಹಚ್ಚಿದವರಲ್ಲ.

“ನಾವು ಲಿಂಗ ಕಟ್ಟಿದವ್ರು ಕುಡ್ಯಾಂಗಿಲ್ರಿ. ವಾಸನಿ ಮಾತ್ರ ಮೂಗಿಗೆ ಬಡೀತೈತಿ, ಅದಕ್ಕೇನ್ ಮಾಡಾಕ ಬರ್ತದ?” ಎಂದು ನಗುತ್ತಾರೆ.

1997ರಲ್ಲಿ ಗಂಡ ಶಿವಬಸಪ್ಪ ಅವರ ಜೊತೆ ಇಲ್ಲಿಗೆ ಬಂದವರು. ಶಿವಬಸಪ್ಪ ಮಷೀನ್ ಶಾಪಿನಲ್ಲಿ ದುಡಿಯುತ್ತಾರೆ. ಮನೆಯಲ್ಲಿ ಕೂತು ಕೂತು ಬೇಸತ್ತಿದ್ದ ಗುರುದೇವಿಗೆ ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಪರಿಚಯವಾದವರು ಮಾನಾನಾ, ತಮ್ಮ ದೇಶದ ವೈನ್ ತರಿಸಿ ಮಾರಲು ಹೊರಟಿದ್ದ ಜಾರ್ಜಿಯಾದ ವಿಧವೆ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ, ಹಾಗಾಗಿ ಮಾತು ಚೆನ್ನಾಗಿ ನಡೆಯಿತು. 2001ರಲ್ಲಿ ಅವರ ಗೋದಾಮಿನಲ್ಲಿ ಕೆಲಸ ಶುರುವಾಯಿತು.

ಎಲ್ಲ ಸಲೀಸಾಗಿ ನಡೆಯಿತೆಂದೇನಲ್ಲ. 2004ರ ಜನವರಿಯಲ್ಲಿ ಮೊದಲ ಬಾರಿಗೆ ಹಳ್ಳಿಯೊಂದರಿಂದ ಮಣ್ಣಿನ ಹರವಿಯಲ್ಲಿ ಮಾಡಿದ ವೈನ್ ಬಂತು. ಬಿಳಿ ದ್ರಾಕ್ಷಿಯದು ಎಂದು ಕಾಗದದಲ್ಲಿತ್ತು. ಬಲ್ಬಿಗೆ ಹಿಡಿದರೆ ಚಹಾದಂಥ ಕಂದು, ಮೇಲಾಗಿ ಮಬ್ಬು. ಗುರುದೇವಿ ಅವನ್ನೆಲ್ಲ ಕೆಟ್ಟ ಮಾಲೆಂದು ತೆಗೆದು ಹೊರಗಿನ ಕಟ್ಟೆಯ ಮೇಲಿಟ್ಟು ಮನೆಗೆ ಹೋದರು.

“ನಮ್ಮ ಕಡೆ ಒಣದ್ರಾಕ್ಷಿ ಕೆಂಪಾತಂದ್ರ ಬಾಜೂಕ ಇಡ್ತೇವ್ರಿ. ಹಸಿರಿದ್ದರನ ಕಿಮ್ಮತ್ತು. ಸಣ್ಣಾಕಿ ಇದ್ದಾಗಿಂದ ಅದ ಆರಿಸಿ ಆರಿಸಿ ಕೈಗೆ ಚಟಾ ಬಿದ್ದಿತ್ತು. ಬಾಟ್ಲಿನೂ ಹಂಗ ಆರಿಸಿಬಿಟ್ಟೆ.”

ರಾತ್ರಿ ಹವೆ ಸೊನ್ನೆಗಿಂತ ಬಹಳ ಕೆಳಗಿಳಿಯಿತು. ಬೆಳಿಗ್ಗೆ ನೋಡಿದರೆ ವೈನ್ ಗಡ್ಡೆಕಟ್ಟಿ ಬಿರಡೆಗಳನ್ನು ಹೊರಗೆ ತಳ್ಳಿತ್ತು. ಒಂದು ಹಳ್ಳಿಯ ಒಂದು ವರ್ಷದ ದುಡಿಮೆ ಮಂಜುಗಡ್ಡೆಯಾಗಿತ್ತು. ಗುರುದೇವಿ ಅಲ್ಲೇ ಕೂತು ಅತ್ತುಬಿಟ್ಟರಂತೆ. ಮಾನಾನಾ ಬೈಯಲಿಲ್ಲ. “ತಪ್ಪು ನಂದೇ, ನಿನಗೆ ಮೊದಲೇ ಹೇಳಬೇಕಿತ್ತು” ಎಂದು, ರಟ್ಟಿನ ಮೇಲೆ ಹರವಿಯ ಚಿತ್ರ ಬರೆದು ತೋರಿಸಿದರು.

ಆ ದೇಶದಲ್ಲಿ ಏಳೆಂಟು ಸಾವಿರ ವರ್ಷಗಳಿಂದ ವೈನ್ ಮಾಡುತ್ತಿದ್ದಾರೆಂದು ಅಗೆದು ತೆಗೆದ ಮಡಕೆಚೂರುಗಳು ಹೇಳುತ್ತವೆ. ಆಳೆತ್ತರದ ಹರವಿಯನ್ನು ಕುತ್ತಿಗೆಯವರೆಗೂ ನೆಲದಲ್ಲಿ ಹೂಳುತ್ತಾರೆ. ಬಿಳಿ ದ್ರಾಕ್ಷಿಯ ರಸವನ್ನು ಸಿಪ್ಪೆ ಬೀಜಗಳ ಸಮೇತ ತುಂಬಿ, ಬಾಯಿ ಮುಚ್ಚಿ, ವಸಂತದವರೆಗೆ ಬಿಡುತ್ತಾರೆ. ಸಿಪ್ಪೆ ತನ್ನ ಬಣ್ಣವನ್ನೂ ಒಗರನ್ನೂ ಬಿಟ್ಟುಕೊಡುತ್ತದೆ. ಹಾಗಾಗಿ ಅದು ಕಂದು, ಹಾಗಾಗಿಯೇ ನಾಲಿಗೆ ಹಿಡಿಯುವಷ್ಟು ಗಟ್ಟಿ. ಸೋವಿಯತ್ ಕಾಲದ ಕಾರ್ಖಾನೆಗಳಿಗೆ ಬೇಕಾದದ್ದು ರಾಶಿಗಟ್ಟಲೆ ವೈನ್, ಅದರಲ್ಲೂ ಸಿಹಿಯಾದದ್ದು. ಹರವಿಯ ವೈನ್ ರೈತರ ಹಿತ್ತಲಲ್ಲಿ ಉಳಿಯಿತು, ಮನೆ ಮಂದಿಗೆ, ಮದುವೆಗೆ, ಸತ್ತವರ ನೆನಪಿಗೆ. ಕಳೆದ ವರ್ಷ ರಷ್ಯಾ ಜಾರ್ಜಿಯಾದ ವೈನನ್ನೇ ನಿಷೇಧಿಸಿದಾಗ ಅತಿ ದೊಡ್ಡ ಗಿರಾಕಿಯೇ ಕೈಬಿಟ್ಟಂತಾಯಿತು. ಬೇರೆ ದೇಶಗಳ ಬಾಗಿಲು ತಟ್ಟಲೇಬೇಕಾಯಿತು. ವೆಸ್ಟ್‌ಮಂಟ್‌ಗೆ ಪೆಟ್ಟಿಗೆಗಳು ಹೆಚ್ಚು ಬರತೊಡಗಿದ್ದು ಆಗಲೇ.

“ಹರವಿ ತಿಕ್ಕಾಕ ಒಬ್ಬಾಂವ ಒಳಗ ಇಳೀತಾನಂತ್ರಿ, ಚೆರ್ರಿ ಗಿಡದ ತೊಗಟಿ ಬ್ರಶ್ ತಗೊಂಡು. ಅಂವನ ಹೆಸರೂ ಬಾಟ್ಲಿ ಮ್ಯಾಲೆ ಇರಂಗಿಲ್ಲ. ಅದನ್ನ ಕೇಳಿದಾಗಿಂದ ಈ ಕೆಲಸದ ಮ್ಯಾಲೆ ನಂಗ ಒಂಥರಾ ಜೀವ ಬಂತು” ಎನ್ನುತ್ತಾರೆ ಗುರುದೇವಿ.

ಆದರೆ ಈ ಜೀವದ ಕೆಲಸವನ್ನು ಅವರು ನೆಂಟರಿಷ್ಟರಿಂದ ಮುಚ್ಚಿಟ್ಟಿದ್ದರು. ಇಲ್ಲಿ ನೆಲೆಸಿರುವ ಊರ ಕಡೆಯವರು ತಿಂಗಳಿಗೊಮ್ಮೆ ಸೇರುವ ಪ್ರಾರ್ಥನಾ ಕೂಟದಲ್ಲಿ ಪ್ರಸಾದದ ಗೋಧಿ ಹುಗ್ಗಿ ಮಾಡುವುದು ಆರು ವರ್ಷಗಳಿಂದ ಗುರುದೇವಿಯ ಪಾಲಿನದು. ಅವರ ಹುಗ್ಗಿಗಾಗಿ ದೂರದ ಸ್ಕೋಕಿಯಿಂದಲೂ ಡ್ರೈವ್ ಮಾಡಿಕೊಂಡು ಬರುವವರಿದ್ದಾರೆ. ಕೆಲಸ ಏನೆಂದು ಕೇಳಿದರೆ “ಇಂಪೋರ್ಟ್ ಕಂಪನಿ” ಎಂದಷ್ಟೇ ಉತ್ತರ. ವೈನ್ ಹಿಡಿದ ಕೈ ಎಂದು ಗೊತ್ತಾದರೆ ಹುಗ್ಗಿಯ ಪಾತ್ರೆ ಮುಟ್ಟಗೊಡುವರೇ ಎಂಬುದು ಅವರ ಭಯ. ಮಗಳು ನಿರುಪಮಾ “ಅಮ್ಮಾ, ಇಟ್ಸ್ ಜಸ್ಟ್ ಅ ಜಾಬ್” ಎಂದು ಭುಜ ಕುಣಿಸುತ್ತಾಳೆ. ತಾಯಿಗೆ ಅದು ಅಷ್ಟು ಹಗುರಾದ ಮಾತಲ್ಲ.

ಹಾಗಾಗಿ ಈ ಲೇಖನಕ್ಕೆ ಹೆಸರು ಹಾಕಬಹುದೇ ಎಂದು ಕೇಳಿದಾಗ ಗುರುದೇವಿ ಕೂಡಲೇ ಹೂಂ ಎನ್ನಲಿಲ್ಲ. ಹೆಸರು ಬದಲಿಸಿ ಬರೆಯಬಹುದು ಎಂದರೂ, ಭಾನುವಾರದ ಕೂಟ ಮುಗಿಯುವ ತನಕ ಕಾಯಿರಿ ಎಂದರು.

ಆ ಭಾನುವಾರ ಒಲೆ ಹೊತ್ತಿಸುವ ಮುಂಚೆಯೇ ಅವರು ಕೂಟದ ಹಿರಿಯರಾದ ಬಸಲಿಂಗವ್ವ ಆಂಟಿಗೆ ಎಲ್ಲವನ್ನೂ ಹೇಳಿಬಿಟ್ಟರು. ಆಂಟಿ ಕೇಳಿಸಿಕೊಂಡು, ನಿನ್ನ ಮೇಲೆ ಸಿಟ್ಟಿಲ್ಲ, ಆದರೆ ಜನ ನಾಲ್ಕು ಮಾತಾಡುತ್ತಾರೆ, ಇವತ್ತು ಬೇರೆಯವರು ಮಾಡಲಿ ಎಂದರು. ಗುರುದೇವಿ ಸಟ್ಟುಗವನ್ನು ಅವರ ಕೈಗೆ ಕೊಟ್ಟು ಹೊರಗೆ ಬಂದರು. ಮನೆಗೆ ಹೋಗಲಿಲ್ಲ. ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತರು.

ಸೋಮವಾರ ಬೆಳಿಗ್ಗೆ ಮತ್ತೆ ಬಲ್ಬಿನ ಮುಂದೆ ನಿಂತಿದ್ದಾರೆ. ಕಣ್ಣು ಊದಿಕೊಂಡಿದೆ. ಅದನ್ನು ಮರೆಸುವ ಯತ್ನವನ್ನೂ ಅವರು ಮಾಡುವುದಿಲ್ಲ.

“ಹೆಸರು ಹಾಕ್ರಿ. ಊರೂ ಹಾಕ್ರಿ. ವೈನ್ ಅಂತನ ಬರೀರಿ” ಎನ್ನುತ್ತಾರೆ. ಬಾಟಲಿಯ ಬೆನ್ನಿಗೆ ಚೀಟಿ ಒತ್ತಿ, ಹೆಬ್ಬೆರಳಿನಿಂದ ಸವರುತ್ತಾರೆ. “ನಿನ್ನಿ ಪಂಕ್ತಿಗೆ ಕೂತು ಬಿಸಿ ಹುಗ್ಗಿ ಉಂಡೆ ನೋಡ್ರಿ. ಆರು ವರ್ಷದಾಗ ಮೊದಲ್ನೇ ಸಲ. ಛಲೋ ಮಾಡಿದ್ರು ಪಾಪ. ಬೆಲ್ಲ ಮಾತ್ರ ಕಮ್ಮಿ ಬಿದ್ದಿತ್ತು. ಒಂದ್ ತುತ್ತು ಬಾಯಾಗ ಇಟ್ಟು ಎಲ್ಲಾರೂ ನನ್ನ ಮಾರಿ ನೋಡಾಕ ಹತ್ತಿದ್ರು.”