ಮಾವನವರ ಕಿವಿ, ನನ್ನ ಟಾರ್ಪಾಲಿನ ತುಂಡು

ನಮ್ಮ ಮಾವನವರ ಕಿವಿಗೆ ಅರಳಗುಪ್ಪೆಯ ಸುತ್ತಮುತ್ತ ದೊಡ್ಡ ಹೆಸರಿತ್ತು. ಕೇಳಿಸಿಕೊಳ್ಳುವುದರಲ್ಲಿ ಅಲ್ಲ, ಮನೆಯ ಹೆಂಗಸರು ಹೇಳಿದ್ದು ಆ ಕಿವಿಗೆ ಬಿದ್ದದ್ದನ್ನು ನಾನಂತೂ ಕಂಡಿಲ್ಲ. ಹೆಸರಿದ್ದದ್ದು ಕಾಯಿ ಅಲ್ಲಾಡಿಸಿ ನೋಡುವುದರಲ್ಲಿ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿರುವ ತೆಂಗಿನಕಾಯಿಯೊಳಗೆ ನೀರು ಬತ್ತಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಗಿಟುಕಾಗಿ ಉರುಳಾಡುತ್ತದೆ. ಆ ಸದ್ದು ಕೇಳಿ, ಕಾಯಿ ಒಡೆಯದೆಯೇ, ಒಳಗಿರುವ ಕೊಬ್ಬರಿ ಒಣಗಿದೆಯೋ ಹಸಿಯಿದೆಯೋ ಕೊಳೆತಿದೆಯೋ ಎಂದು ಅವರು ಹೇಳುತ್ತಿದ್ದರು. ತಿಪಟೂರಿನ ಮಂಡಿಯವರು ಕೂಡ ಅವರ ಮಾತಿಗೆ ತಲೆದೂಗುತ್ತಿದ್ದರು.

ಅಲ್ಲಿಗೇ ನಿಂತಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಆದರೆ ತಲೆದೂಗುವವರು ಹೆಚ್ಚಾದಂತೆ ಮಾವನವರು ಲೋಕದ ಸಕಲ ವಸ್ತುವನ್ನೂ ಕಿವಿಯಿಂದಲೇ ಅಳೆಯತೊಡಗಿದರು. ಗೋಡೆ ಗಡಿಯಾರ, ಬಾವಿಯ ರಾಟೆ, ಪಕ್ಕದ ಮನೆಯವರು ತಂದ ರೇಡಿಯೋ, ಎಲ್ಲದಕ್ಕೂ ಅವರ ಕಿವಿಯ ಅಪ್ಪಣೆ ಬೇಕು. ಒಮ್ಮೆ ಎತ್ತು ಕೊಳ್ಳಲು ಹೋದಾಗ ಅದರ ಹೊಟ್ಟೆಗೂ ಕಿವಿಯಿಟ್ಟರಂತೆ. ಎತ್ತು ಏನು ಹೇಳಿತೋ, ಅದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪ ಕೊಟ್ಟ ಬೆಳ್ಳಿ ಲೋಟವನ್ನು ಬೆರಳಲ್ಲಿ ಬಡಿದು ನೋಡಿದ್ದರು. ಸದ್ಯ, ನನ್ನನ್ನು ಬಡಿದು ನೋಡಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನನಗೆ ಹೊಲಿಗೆ ಮಿಷನ್ನು ಬೇಕಾಯಿತು. ರವಿಕೆ, ಲಂಗ ಹೊಲಿಯುವುದಕ್ಕಲ್ಲ. ಹಳೆಯ ಟಾರ್ಪಾಲಿನ ತುಂಡುಗಳನ್ನು ಕತ್ತರಿಸಿ, ಗೋಣಿಚೀಲ ಹೊಲಿಯುವ ದಬ್ಬಳದಿಂದಲೇ ನನ್ನ ಮಗಳಿಗೊಂದು ಸ್ಕೂಲ್ ಬ್ಯಾಗು ಹೊಲಿದಿದ್ದೆ. ತಿಪಟೂರಿನ ಪುಸ್ತಕದಂಗಡಿಯವರು ಅದನ್ನು ನೋಡಿ, ತಿರುವಿ, ಪಟ್ಟಿ ಹಿಡಿದು ಜಗ್ಗಿ, "ಇಂಥವು ಎರಡು ಡಜನ್ ಕೊಡ್ತೀರೇನಮ್ಮ? ಸ್ಕೂಲು ಶುರುವಾಗೋಕೆ ಮುಂಚೆ ಬೇಕು. ಆಗಲ್ಲ ಅಂದ್ರೆ ಹೇಳ್ಬಿಡಿ, ತುಮಕೂರಿಂದ ತರಿಸ್ತೀನಿ" ಅಂದರು. ಆಗುತ್ತದೆ ಅಂದುಬಿಟ್ಟೆ. ಮದುವೆಯಾಗಿ ಏಳು ವರ್ಷವಾಗಿತ್ತು. ಆ ಏಳು ವರ್ಷದಲ್ಲಿ ಮನೆಯ ಹೊರಗಿನವರೊಬ್ಬರು ನನ್ನನ್ನೇ ಉದ್ದೇಶಿಸಿ ಒಂದು ಕೆಲಸ ಕೇಳಿದ್ದು ಅದೇ ಮೊದಲು. ಊರಿಗೆ ಬರುವ ಬಸ್ಸಿನಲ್ಲಿ ಸುಮ್ಮಸುಮ್ಮನೆ ನಗುತ್ತಾ ಕೂತಿದ್ದೆ.

ಹೊಸ ಮಿಷನ್ನಿನ ಆಸೆ ನನಗಿರಲಿಲ್ಲ. ತವರಿಂದ ಬಂದ ಎಮ್ಮೆಯ ಕರು ಮಾರಿದರೆ ಹಳೆಯದೊಂದು ಸಿಗುವ ಹಾಗಿತ್ತು. ಕರು ನನ್ನದು, ಕೆಲಸ ನನ್ನದು, ಹಾಗಾಗಿ ಮಿಷನ್ನನ್ನೂ ನಾನೇ ಆರಿಸಬಹುದು ಅಂದುಕೊಂಡಿದ್ದೆ. ವಯಸ್ಸು ಚಿಕ್ಕದು, ಇಂಥ ಭ್ರಮೆಗಳೆಲ್ಲ ಇದ್ದವು.

"ಹೆಂಗಸ್ರಿಗೆ ಯಂತ್ರದ ಮರ್ಮ ಏನ್ ಗೊತ್ತಾಯ್ತದೆ? ನಾನು ಬತ್ತೀನಿ ನಡಿ" ಎಂದು ಮಾವನವರು ಹೆಗಲಿಗೆ ಟವೆಲ್ಲು ಹಾಕಿಕೊಂಡರು. ನನ್ನ ಗಂಡ ಹೂಂ ಅಂದರು. ಅಪ್ಪನ ಮುಂದೆ ಹೂಂ ಅನ್ನುವುದರಲ್ಲಿ ಅವರದು ಪಳಗಿದ ಗಂಟಲು. ನಾನು ಟಾರ್ಪಾಲಿನ ಒಂದು ತುಂಡನ್ನು ಮಡಿಸಿ ಕೈಚೀಲದೊಳಗೆ ಇಟ್ಟುಕೊಂಡೆ.

ಮೂವರೂ ಮೊದಲು ಹೋದದ್ದು ತಿಪಟೂರಿನ ರೈಲ್ವೆ ಸ್ಟೇಷನ್ನಿನ ಹತ್ತಿರದ ಒಬ್ಬ ಟೈಲರ್ ಅಂಗಡಿಗೆ. ಗಾಡಿಗಳ ಟಾರ್ಪಾಲು, ಬಸ್ಸಿನ ಸೀಟು ಹೊಲಿಯುತ್ತಿದ್ದ ವಯಸ್ಸಾದ ಸಾಬರು ಆತ. ಕಣ್ಣು ಮಂಜಾಗಿ ಎರಡು ಮಿಷನ್ನಿನಲ್ಲಿ ಒಂದನ್ನು ಮಾರುತ್ತಿದ್ದರು. ಮಿಷನ್ನಿನ ಬಣ್ಣವೆಲ್ಲ ಹೋಗಿ ಕಬ್ಬಿಣ ಕಾಣುತ್ತಿತ್ತು. ಅವರು ಪೆಡಲ್ ತುಳಿದರೆ ಇಡೀ ಅಂಗಡಿ ಗಡಗಡ ಅಂದಿತು. ಮಾವನವರು ಬಗ್ಗಿ ಅದರ ಮೈಗೆ ಕಿವಿ ಹಚ್ಚಿದರು. ಕಣ್ಣು ಮುಚ್ಚಿದರು. ಅಂಗಡಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ನಿಂತರು, ಡಾಕ್ಟರು ನಾಡಿ ನೋಡುವಾಗ ನಿಲ್ಲುತ್ತಾರಲ್ಲ, ಹಾಗೆ.

"ಬುಡು, ಒಳಗೆಲ್ಲಾ ಸಡ್ಲ ಆಗೈತೆ" ಅಂದರು ಕೊನೆಗೆ.

ಕಾಯಿ ಸದ್ದು ಮಾಡಿದರೆ ಪಕ್ವ, ಮಿಷನ್ನು ಸದ್ದು ಮಾಡಿದರೆ ಸಡಿಲ. ಇದು ಯಾವ ನ್ಯಾಯವೋ ನನಗೆ ತಿಳಿಯಲಿಲ್ಲ. ನನ್ನ ಕೈ ಚೀಲದೊಳಗೆ ಹೋಗಿ ಟಾರ್ಪಾಲಿನ ತುಂಡನ್ನು ಹಿಡಿದುಕೊಂಡಿತ್ತು. ಹಿಡಿದುಕೊಂಡೇ ಇತ್ತು. ಮಾವನವರು ಮೆಟ್ಟಿಲಿಳಿದರು, ನಾನೂ ಹಿಂದೆಯೇ ಇಳಿದೆ.

ಎರಡನೆಯದು ರಿಟೈರಾದ ಒಬ್ಬ ಸರ್ಕಾರಿ ನೌಕರರ ಮನೆಯಲ್ಲಿತ್ತು. ಅವರ ಹೆಂಡತಿ ಅದಕ್ಕೆ ಕ್ರೋಷಾದ ಹೊದಿಕೆ ಹಾಕಿ, ದೇವರ ಫೋಟೋದ ಕೆಳಗೆ ಇಟ್ಟಿದ್ದರು. ಕಪ್ಪು ಮೈ, ಅದರ ಮೇಲೆ ಚಿನ್ನದ ಬಣ್ಣದ ಬಳ್ಳಿ. ಇಷ್ಟು ವರ್ಷ ಅದರಲ್ಲಿ ಹೊಲಿದದ್ದು ದಿಂಬಿನ ಕವರು ಮತ್ತು ಮೊಮ್ಮಕ್ಕಳ ಫ್ರಾಕು ಮಾತ್ರ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಂಡರು. ನಾನು ಬೆಚ್ಚಿಬೀಳಬೇಕಾದ ಮಾತದು. ಮಾವನವರು ಮೆಚ್ಚಿ ತಲೆಯಾಡಿಸಿದರು. ಕಿವಿಯಿಟ್ಟರು. ಮಿಷನ್ನು ತಿರುಗುತ್ತಿದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ ಓಡಿತು.

"ಇದು ನೋಡಪ್ಪ ಮಿಷನ್ನು ಅಂದ್ರೆ! ಉಸ್ರೇ ಎತ್ತಲ್ಲ."

ನನ್ನ ಗಂಡ ಹೂಂ ಅಂದರು. ಆ ಯಜಮಾನಿತಿ ಒಂದು ಕರ್ಚೀಫು ಕೊಟ್ಟು ಹೊಲಿದು ನೋಡಮ್ಮ ಅಂದರು. ಆ ಶುಭ್ರವಾದ ಮನೆಯಲ್ಲಿ, ಸ್ಟೀಲ್ ಲೋಟದ ಕಾಫಿ ಎದುರಿಗಿರುವಾಗ, ಗ್ರೀಸಿನ ವಾಸನೆಯ ಟಾರ್ಪಾಲಿನ ತುಂಡನ್ನು ಚೀಲದಿಂದ ತೆಗೆಯಲು ನನಗೆ ನಾಚಿಕೆಯಾಯಿತು. ಕರ್ಚೀಫನ್ನೇ ಹೊಲಿದೆ. ಬಹಳ ಚೆನ್ನಾಗಿ ಹೊಲಿಯಿತು. ಎಮ್ಮೆಯ ಕರು ಮಾರಿದ ದುಡ್ಡು ಅಲ್ಲಿಗೆ ಮುಗಿಯಿತು.

ಮನೆಗೆ ತಂದು ಪೂಜೆ ಮಾಡಿ, ಟಾರ್ಪಾಲು ಹಾಕಿದೆ. ಒಂದು ಪದರಕ್ಕೆ ಗೊಣಗುತ್ತಾ ಹೊಲಿಯಿತು. ಎರಡು ಪದರಕ್ಕೆ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಯಿತು. ಹೆಗಲ ಪಟ್ಟಿ ಸೇರುವ ಕಡೆ ಆರು ಪದರ ಬರುತ್ತದೆ. ಬಟ್ಟೆ ಒತ್ತಿ ಹಿಡಿಯುವ ಕಾಲಿನ ಕೆಳಗೆ ಆರು ಪದರ ತೂರಲೇ ಇಲ್ಲ. ಬಲವಂತ ಮಾಡಿ ತೂರಿಸಿದರೆ ಸೂಜಿ ಟಪ್ಪೆಂದು ಮುರಿದು ನನ್ನ ಕೆನ್ನೆಗೆ ಬಡಿಯಿತು. ಆ ದಿನ ಮೂರು ಸೂಜಿ ಮುರಿದೆ.

ಮಾವನವರು ಜಗುಲಿಯಿಂದಲೇ ಕಾರಣ ಹುಡುಕಿದರು. ಮೊದಲು ನೂಲು ಸರಿಯಿಲ್ಲ ಅಂದರು. ಆಮೇಲೆ ನನ್ನ ತುಳಿತ ಸರಿಯಿಲ್ಲ ಅಂದರು. ಕೊನೆಗೆ, "ಅಂಥ ಮರ್ವಾದಸ್ಥ ಮಿಷನ್ನಿಗೆ ಇಂಥ ದರಿದ್ರ ಬಟ್ಟೆ ಹಾಕಬಾರ್ದು ಕಣಮ್ಮ. ಲಂಗ ಹೊಲಿ" ಎಂದು ತೀರ್ಪು ಕೊಟ್ಟರು. ಸ್ಕೂಲು ತೆರೆಯಲು ಹದಿನೈದು ದಿನವಿತ್ತು. ಪುಸ್ತಕದಂಗಡಿಯವರಿಗೆ ಒಪ್ಪಿಕೊಂಡ ಎರಡು ಡಜನ್ನಿನಲ್ಲಿ ಒಂದು ಬ್ಯಾಗೂ ಆಗಿರಲಿಲ್ಲ. ಮಾವನವರ ಮೇಲೆ ಕೋಪ, ಗಂಡನ ಮೇಲೆ ಕೋಪ, ಎಲ್ಲಕ್ಕಿಂತ ಹೆಚ್ಚಾಗಿ ಚೀಲದೊಳಗೇ ಉಳಿದ ನನ್ನ ಕೈಯ ಮೇಲೆ ಕೋಪ.

ಆ ವಾರ ಮಾವನವರು ನೆಂಟರ ಮನೆಗೆಂದು ಚಿಕ್ಕನಾಯಕನಹಳ್ಳಿಗೆ ಹೋದರು. ಅವರ ಬಸ್ಸು ಹೊರಟ ಮರುಗಳಿಗೆಯೇ ಗಂಡನ ತಲೆಯ ಮೇಲೆ ಆ ಮರ್ಯಾದಸ್ಥ ಮಿಷನ್ನನ್ನು ಹೊರಿಸಿ ತಿಪಟೂರಿಗೆ ಕರೆದುಕೊಂಡು ಹೋದೆ. ಹೂಂ ಅನ್ನುವ ಗಂಡ ಇಂಥ ಹೊತ್ತಿಗೆ ಒದಗುತ್ತಾರೆ. ಟೈಲರ್ ಸಾಬರ ಮುಂದೆ ಅದನ್ನು ಇಳಿಸಿ, "ಇದು ದಪ್ಪ ಬಟ್ಟೆ ಹೊಲಿಯಲ್ಲ, ಮೊದಲೇ ಹೇಳ್ತಿದೀನಿ. ನಿಮ್ಮ ಮಿಷನ್ನಿಗೆ ಬದಲು ಕೊಡ್ತೀರಾ?" ಎಂದು ಕೇಳಿದೆ.

ಅವರು ಚಿನ್ನದ ಬಳ್ಳಿಯ ಮೇಲೆ ಬೆರಳಾಡಿಸಿ ನಕ್ಕರು. "ಮಗಳ ಮದುವೆಗೆ ಕೊಡೋಕೆ ಇಂಥದ್ದೇ ಹುಡುಕ್ತಿದ್ದೆ ಕಣಮ್ಮ. ಗಂಡಿನ ಕಡೆಯೋರು ನೋಡ್ತಾರೆ, ಹೊಲಿಯಲ್ಲ. ಆದ್ರೆ ಅವತ್ತೇ ಯಾಕೆ ಕೇಳಲಿಲ್ಲ? ಟಾರ್ಪಾಲು ಚೀಲದಿಂದ ಇಣುಕ್ತಾ ಇತ್ತು, ನನ್ನ ಮಂಜುಗಣ್ಣಿಗೂ ಕಾಣ್ತಿತ್ತು."

ತುಂಡನ್ನು ಹೊರಗೆ ತೆಗೆದೆ. ಆರು ಪದರ ಮಡಿಸಿ ಕಾಲಿನ ಕೆಳಗೆ ಇಟ್ಟೆ; ಸಲೀಸಾಗಿ ಹೋಯಿತು. ಪೆಡಲ್ ಮುಟ್ಟದೆ, ಕೈಯಲ್ಲೇ ಚಕ್ರ ತಿರುಗಿಸಿ ಸೂಜಿಯನ್ನು ಒಂದೊಂದೇ ಹೊಲಿಗೆಗೆ ಇಳಿಸಿದೆ. ಎಲ್ಲೂ ತಡೆಯಲಿಲ್ಲ. ಆಮೇಲೆ ತುಳಿದೆ. ಬಟ್ಟೆ ತಿರುವಿ ಕೆಳಗಿನ ಹೊಲಿಗೆ ನೋಡಿದೆ, ಉಗುರಿನಿಂದ ಎಳೆದೆ, ಗಂಡನ ಕೈಗೆ ಕೊಟ್ಟು ಹರಿಯಿರಿ ಅಂದೆ. ಅವರು ಹರಿಯಲಾರದೆ ಬೆವರಿದರು. ಸೂಜಿ ಹಿಡಿದ ಕಂಬಿಯನ್ನು ಅಲ್ಲಾಡಿಸಿ ನೋಡಿದೆ, ಅದು ಗಟ್ಟಿಯಾಗಿತ್ತು. ಗಡಗಡ ಅನ್ನುತ್ತಿದ್ದದ್ದು ಕೆಳಗಿನ ಸ್ಟ್ಯಾಂಡು. ಸಾಬರು ಅದಕ್ಕೊಂದು ರಬ್ಬರಿನ ತುಂಡು ಸಿಕ್ಕಿಸಿ, ದಪ್ಪ ಸೂಜಿಗಳ ಒಂದು ಪೊಟ್ಟಣವನ್ನೂ ಕೊಟ್ಟರು.

ಹನ್ನೆರಡು ಬ್ಯಾಗು ಮುಗಿಯುವ ಹೊತ್ತಿಗೆ ಮಾವನವರು ವಾಪಸು ಬಂದರು. ಮಿಷನ್ನನ್ನು ನೋಡಿದರು, ಬ್ಯಾಗುಗಳನ್ನು ನೋಡಿದರು, ಟವೆಲ್ಲು ಕೊಡವಿಕೊಂಡು ಜಗುಲಿಗೆ ಹೋದರು. ಮಾರನೆಯ ದಿನ ಕೊಬ್ಬರಿ ವ್ಯಾಪಾರಿಯೊಬ್ಬರು ಜಗುಲಿಯಲ್ಲಿ ಕೂತು, ಬ್ಯಾಗು ಕೈಗೆತ್ತಿಕೊಂಡು, "ಭಾರಿ ಗಟ್ಟಿ ಐತಲ್ರೀ. ಎಲ್ಲಿಂದ ತಂದ್ರಿ ಮಿಷನ್ನ?" ಎಂದು ಕೇಳಿದರು.

"ತಿಪಟೂರಲ್ಲಿ. ನಾನೇ ನೋಡಿ ಆರಿಸ್ದೆ" ಅಂದರು ಮಾವನವರು, ಮೀಸೆ ನೀವಿಕೊಳ್ಳುತ್ತಾ.

ನನ್ನ ಗಂಡ ಹೂಂ ಅನ್ನಲು ಬಾಯಿ ತೆರೆದರು. ನಾನು ತುಳಿಯುವುದನ್ನು ನಿಲ್ಲಿಸಿದೆ.

"ಇಲ್ಲ ಮಾವ. ಇದು ನೀವು ಬ್ಯಾಡ ಅಂದಿದ್ದ ಮಿಷನ್ನು. ಆರಿಸಿದ್ದು ನಾನು."

ವ್ಯಾಪಾರಿ ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡಿದರು. ಮಾವನವರು ಎದ್ದು ತೋಟದ ಕಡೆಗೆ ಹೋದರು. ಅಲ್ಲಿಂದ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಹೀಗೆ ಹೊಲಿ, ಹಾಗೆ ತುಳಿ ಎನ್ನಲು ಯಾರೂ ಹತ್ತಿರ ಬರದ ಆ ನಾಲ್ಕು ದಿನದಲ್ಲಿ ಉಳಿದ ಹನ್ನೆರಡು ಬ್ಯಾಗನ್ನೂ ಮುಗಿಸಿದೆ.